ಹಳದಿ ನೀರು ಹೇಳಿದ ಪಾಠ

ಅಮೆರಿಕದಲ್ಲಿ ‘ಮಸಲ್ ಕಾರ್’ ಎಂಬ ಒಂದು ಜಾತಿಯ ಕಾರುಗಳಿವೆ. 1964ರ ಪಾಂಟಿಯಾಕ್ ಜಿಟಿಒ ಅವುಗಳಲ್ಲಿ ಹೆಸರುವಾಸಿ. ಅದರದು ಎಂಟು ಸಿಲಿಂಡರುಗಳ, 6.4 ಲೀಟರಿನ ಎಂಜಿನ್. ತುಕ್ಕು ಹಿಡಿದು ನಿಂತ ಇಂಥ ಹಳೆಯ ಕಾರುಗಳನ್ನು ಮನೆಯಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸುವುದು ಅಲ್ಲಿನವರಿಗೆ ದೊಡ್ಡ ಹವ್ಯಾಸ. ಹೆಗ್ಗನಹಳ್ಳಿಯ ನಮ್ಮ ಗಲ್ಲಿಯಲ್ಲಿ ಅಂಥ ಕಾರು ತಿರುಗುವುದೂ ಕಷ್ಟ. ನನ್ನ ಪಾಲಿಗೆ ಬಂದದ್ದು ಅಪ್ಪ ಬಿಟ್ಟುಹೋದ 1972ರ ಜಾವಾ ಮೋಟಾರ್ ಸೈಕಲ್.

ಜಾವಾ ಮೂಲತಃ ಜೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ಯಾನೆಚೆಕ್ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಾಗ ಮೊದಲಿಗೆ ಬರುವ ‘ಜಾ’, ವಾಂಡರರ್‌ನ ‘ವಾ’ ಸೇರಿ ಜಾವಾ ಆಯಿತು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು. ಮುಂದೆ ಯೆಜ್ದಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯೊಂದು ಜಾವಾ ಹೆಸರನ್ನು ಮತ್ತೆ ತಂದಿದೆಯಾದರೂ ಅದು ಹೊಸ ಗಾಡಿ. ರಾಜಾಜಿನಗರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಅಪ್ಪನ ಹಿಂದೆ ಕೂತು ನಾನು ಶಾಲೆಗೆ ಹೋದದ್ದು ಮೈಸೂರಿನ ಜಾವಾದಲ್ಲಿ.

ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ಬಿಚ್ಚಲು ಕೂತೆ. ನಮ್ಮ ಶಾಲೆಯ ನಾಲ್ಕು ಮಕ್ಕಳು ದಿನವೂ ಬಂದು ಸುತ್ತ ಕೂರುತ್ತಿದ್ದರು. ಎರಡು ಸ್ಟ್ರೋಕಿನ ಎಂಜಿನ್ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕವಾಟಗಳಿಲ್ಲ, ಪಿಸ್ಟನ್ ತಾನೇ ಮೇಲೆ ಕೆಳಗೆ ಆಡುತ್ತಾ ಸಿಲಿಂಡರಿನ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಸಿಲಿಂಡರಿನ ಮೂಲ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ, ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. ‘ಟೂ ಫಿಫ್ಟಿ’ ಎಂದು ಕರೆಯುವುದು ಅದಕ್ಕೇ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಸ್ವಲ್ಪ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದೆ. ಲೇತ್ ಅಂಗಡಿಗಳಿಗೆ ನಮ್ಮ ಕಡೆ ಬರವಿಲ್ಲ.

ತೊಂದರೆ ಎದುರಾದದ್ದು ಪೆಟ್ರೋಲ್ ಟ್ಯಾಂಕಿನಲ್ಲಿ. ಒಳಗೆಲ್ಲ ತುಕ್ಕು. ವಿದ್ಯುದ್ವಿಭಜನೆಯಿಂದ ತೆಗೆಯೋಣ ಎಂದುಕೊಂಡೆ. ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ಟ್ಯಾಂಕನ್ನು ತೊಳೆದು, ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ನಡುವೆ ಒಂದು ಲೋಹದ ಸರಳನ್ನು ಟ್ಯಾಂಕಿಗೆ ತಾಗದಂತೆ ಇಳಿಬಿಟ್ಟೆ. ಬ್ಯಾಟರಿ ಚಾರ್ಜರಿನ ಋಣ ತಂತಿ ಟ್ಯಾಂಕಿಗೆ, ಧನ ತಂತಿ ಸರಳಿಗೆ. ಜಲಜನಕ ಬರುತ್ತದೆಯಾದ್ದರಿಂದ ಎಲ್ಲವೂ ಬಯಲಿನಲ್ಲಿ, ಬೆಂಕಿಯಿಂದ ದೂರ. ಸರಳು ಗುಜರಿಯಲ್ಲಿ ಸಿಕ್ಕಿದ್ದು, ಚೆನ್ನಾಗಿ ಹೊಳೆಯುತ್ತಿತ್ತು.

ಮರುದಿನ ನೀರು ಹಳದಿಯಾಗಿತ್ತು. ‘ನೋಡಿ ಮಕ್ಕಳೇ, ತುಕ್ಕೆಲ್ಲ ಬಿಟ್ಟಿದೆ’ ಎಂದು ಹೆಮ್ಮೆಯಿಂದ ಬಕೆಟ್ಟಿಗೆ ಬಗ್ಗಿಸಿದೆ. ಚರಂಡಿಗೆ ಚೆಲ್ಲಲು ಬಕೆಟ್ ಎತ್ತಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ತುಕ್ಕಾದ್ರೆ ತಳಕ್ಕೆ ಕೂರಬೇಕಲ್ವಾ ಸರ್? ಕೂತಿರೋ ಗಸಿ ಕಂದು. ಮೇಲಿನ ನೀರು ಮಾತ್ರ ಹಳದಿ’ ಎಂದಳು. ಸ್ವಲ್ಪ ತಡೆದು, ‘ಅಪ್ಪನ ಬನಿಯನ್ ನೆನೆಹಾಕಿದ್ರೂ ನೀರು ಇದೇ ಬಣ್ಣ ಬರುತ್ತೆ’ ಎಂದಳು.

ಅವಳ ತಂದೆ ಪೀಣ್ಯದ ಕಡೆ ಒಂದು ಕ್ರೋಮ್ ಲೇಪನದ ಘಟಕದಲ್ಲಿ ಕೆಲಸ ಮಾಡುತ್ತಾರೆ. (ಇದನ್ನು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನಾನು ಬಕೆಟ್ ಕೆಳಗಿಟ್ಟೆ. ಸರಳಿಗೆ ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಅದು ಕಬ್ಬಿಣವಲ್ಲ, ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಕ್ರೋಮಿಯಂ ಇರುತ್ತದೆ. ಧನಾಗ್ರದಲ್ಲಿ ಉತ್ಕರ್ಷಣೆ ನಡೆಯುತ್ತದೆಂದು ಮೂವತ್ತು ವರ್ಷದಿಂದ ಪಾಠ ಮಾಡುತ್ತಿರುವ ನಾನೇ ಆ ಕ್ರೋಮಿಯಂ ಅನ್ನು ಉತ್ಕರ್ಷಿಸಿ, ನೀರಿನಲ್ಲಿ ಕರಗುವ ಕ್ರೋಮೇಟ್ ಮಾಡಿಟ್ಟಿದ್ದೆ. ಇದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮ್ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಪಕ್ಕದ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದು ಸಮೀಕ್ಷೆಗಳಲ್ಲಿ ದಾಖಲಾಗಿದೆ. ಅದನ್ನು ಓದಿ ಕಾರ್ಖಾನೆಗಳನ್ನು ಬೈದವನು ನಾನು. ಈಗ ಬಕೆಟ್ ನನ್ನ ಕೈಯಲ್ಲೇ ಇತ್ತು.

ನೀರನ್ನು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಶಾಲೆಯ ಪ್ರಯೋಗಾಲಯಕ್ಕೆ ಒಯ್ದೆ. ಮಕ್ಕಳನ್ನು ದೂರ ನಿಲ್ಲಿಸಿ, ಗ್ಲೋವ್ಸ್ ಹಾಕಿಕೊಂಡು, ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬೆರೆಸಿದೆ. ಕಬ್ಬಿಣ ತಾನು ಉತ್ಕರ್ಷಣೆಗೊಂಡು ಕ್ರೋಮಿಯಂ ಅನ್ನು ಮೂರು ವೇಲೆನ್ಸಿಗೆ ಇಳಿಸುತ್ತದೆ. ಅದು ಸುಣ್ಣದ ಜೊತೆ ಗಸಿಯಾಗಿ ಕೂರುತ್ತದೆ. ಹಳದಿ ಹೋಯಿತು. ಆದರೆ ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆನ್ನಲಾಗದು. ತ್ಯಾಜ್ಯನೀರು ಶುದ್ಧೀಕರಣ ವ್ಯವಸ್ಥೆಯಿರುವ ಕಾರ್ಖಾನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ನೀರು, ಗಸಿ ಎರಡನ್ನೂ ಅವನ ಮೂಲಕ ಅಲ್ಲಿಗೆ ಮುಟ್ಟಿಸಿದೆ. ವಿದ್ಯಾರ್ಥಿಗಳೇ, ಇದನ್ನು ನೀವು ಮನೆಯಲ್ಲಿ ಮಾಡಬೇಡಿ. ತುಕ್ಕು ತೆಗೆಯಲು ಸ್ಟೇನ್‌ಲೆಸ್ ಸ್ಟೀಲ್ ಚಮಚ, ಸರಳುಗಳನ್ನು ಎಂದೂ ಬಳಸಬೇಡಿ. ಸಾದಾ ಕಬ್ಬಿಣದ ಸರಳು ಸಾಕು. ಸೋಡಾ ಬದಲು ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಅನಿಲ ಬರುತ್ತದೆ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು.

ಆ ಸಂಜೆಯೇ ಹುಡುಗಿಯ ಮನೆಗೆ ಹೋದೆ. ಆಕೆಯ ತಂದೆಯ ಬೆರಳುಗಳ ಮೇಲೆ ಆಳವಾದ ಸಣ್ಣ ಸಣ್ಣ ಹುಣ್ಣುಗಳಿದ್ದವು. ಕ್ರೋಮಿಕ್ ಆಮ್ಲ ತಾಗಿದ ಕೈಗೆ ಹೀಗಾಗುತ್ತದೆ; ಅದರ ಹಬೆ ಮೂಗಿನ ನಡುವಿನ ಗೋಡೆಯನ್ನೂ ತೂತು ಮಾಡಬಲ್ಲದು. ‘ನೋವೇ ಇಲ್ಲ ಮೇಷ್ಟ್ರೇ’ ಎಂದರು. ಆ ಹುಣ್ಣುಗಳು ಅಷ್ಟಾಗಿ ನೋಯುವುದಿಲ್ಲ, ಅದೇ ಅಪಾಯ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಗ್ಲೋವ್ಸ್ ಕೇಳಿ, ಇ.ಎಸ್.ಐ. ಆಸ್ಪತ್ರೆಯಲ್ಲಿ ಕೈ, ಮೂಗು ತೋರಿಸಿ ಎಂದೆ. ಹೇಳುವುದು ಸುಲಭ. ಕೇಳಿದರೆ ಕೆಲಸ ಹೋದೀತೆಂಬ ಅಳುಕು ಅವರ ಮುಖದಲ್ಲಿತ್ತು. ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಎರಡು ವಾರದ ನಂತರ ಅವರೇ ನಮ್ಮ ಮನೆಗೆ ಬಂದರು. ಟ್ಯಾಂಕಿನ ಬದಿಯ ಕ್ರೋಮ್ ಮೇಲೆ ಬೆರಳಾಡಿಸಿ, ‘ಒಳಗಿನ ನಿಕ್ಕಲ್ ಎದ್ದಿದೆ. ಇದನ್ನು ಕಿತ್ತು ಮತ್ತೆ ಕಟ್ಟಬೇಕು. ಕ್ರೋಮ್ ಬರೀ ಮೇಲಿನ ಹೊಳಪು, ತುಕ್ಕು ತಡೆಯೋದು ನಿಕ್ಕಲ್ಲೇ’ ಎಂದರು. ನಿಜ. ಅಲಂಕಾರದ ಕ್ರೋಮ್ ಪದರದ ದಪ್ಪ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ‘ನಮ್ಮಲ್ಲೇ ಮಾಡಿಸಿಕೊಡ್ತೀನಿ, ದುಡ್ಡು ಬೇಡ’ ಎಂದರು.

ನನ್ನ ಮಗನ ಕಣ್ಣು ಅರಳಿತು. ಜುಲೈ ಎರಡನೆಯ ಭಾನುವಾರ ಬೆಂಗಳೂರಿನ ಜಾವಾ-ಯೆಜ್ದಿ ಸವಾರರು ಜಾವಾ ದಿನ ಆಚರಿಸುತ್ತಾರೆ. ಅಲ್ಲಿಗೆ ಟ್ಯಾಂಕು ಹೊಳೆಯುತ್ತಾ ಹೋಗಬೇಕೆಂಬುದು ಅವನ ಆಸೆ. ನನಗೂ ಆಸೆಯಿತ್ತು. ಆದರೆ ಆ ಕೈಗಳನ್ನು ನೋಡಿದ ಮೇಲೆ ಹೂಂ ಎನ್ನಲು ಬಾಯಿ ಬರಲಿಲ್ಲ. ಅವರ ಕಸುಬನ್ನು ಹೀಗಳೆದಂತೆಯೂ ಆಗಬಾರದು. ‘ನಿಮ್ಮ ಕೈಯಿಂದಲೇ ಮಾಡಿಸ್ತೀನಿ. ಮೊದಲು ಗ್ಲೋವ್ಸ್ ಬರಲಿ, ಹಬೆ ಎಳೆಯುವ ಫ್ಯಾನ್ ಬರಲಿ, ಆಮೇಲೆ ಟ್ಯಾಂಕು’ ಎಂದೆ. ಅವರು ನಕ್ಕರು.

ಜಾವಾ ದಿನಕ್ಕೆ ಚುಕ್ಕೆ ಬಿದ್ದ ಟ್ಯಾಂಕಿನಲ್ಲೇ ಹೋದೆವು. ಎರಡನೇ ಕಿಕ್ಕಿಗೇ ಗಾಡಿ ಶುರುವಾಯಿತು. ಶಾಲೆ ತೆರೆದ ಮೇಲೆ ಆ ಹುಡುಗಿಯೇ ವರದಿ ಒಪ್ಪಿಸುತ್ತಿದ್ದಾಳೆ: ಅಪ್ಪ ಆಸ್ಪತ್ರೆಗೆ ಹೋಗಿಬಂದರು, ಬನಿಯನ್ನಿಗೆ ಬೇರೆ ಬಕೆಟ್ ಆಗಿದೆ, ಗ್ಲೋವ್ಸ್ ಬಂದಿವೆ. ಫ್ಯಾನ್ ಇನ್ನೂ ಬಂದಿಲ್ಲ. ನಮ್ಮ ಟ್ಯಾಂಕು ಇನ್ನೂ ಹಾಗೇ ಇದೆ.