ಕಡಲಲ್ಲಿ ಪೆಟ್ರೋಲ್ ಬಂಕ್ ಇಲ್ಲ

‘ಸ್ಕೂಟರ್ ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನುತ್ತೇವೆ. ಶ್ರೀಮಂತರ ಮೋಟಾರು ಯಾಟ್ ಮಾತ್ರ ಗಂಟೆಗೆ ಇಷ್ಟು ಲೀಟರ್ ಅಂತೆ, ಯಾಕೆ ಸಾರ್?’ ಒಂಬತ್ತನೇ ತರಗತಿಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಇಂಜಿನ್ ಎಷ್ಟು ಕುಡಿಯುತ್ತದೆಂದು ಹೇಳಬಹುದು. ಅಷ್ಟರಲ್ಲಿ ಎಷ್ಟು ದೂರ ಸಾಗೀತೆಂಬುದು ಗಾಳಿ, ಪ್ರವಾಹಗಳ ಮರ್ಜಿ.

ಅದಕ್ಕಿಂತ ದೊಡ್ಡದು ವೇಗದ ಲೆಕ್ಕ. ನೀರನ್ನು ಸರಿಸುತ್ತ ಸಾಗುವ ನೌಕೆಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ. ತಾನೇ ಎಬ್ಬಿಸಿದ ಅಲೆಯೊಡನೆ ತಾನೇ ಸೆಣಸಬೇಕಲ್ಲ! 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಉದ್ದನೆಯ ನೀರಿನ ತೊಟ್ಟಿಯಲ್ಲಿ ಪುಟ್ಟ ಮಾದರಿಗಳನ್ನು ಎಳೆಸಿ ಈ ಪ್ರತಿರೋಧವನ್ನು ಅಳೆದ.

ಟ್ಯಾಂಕಿನಲ್ಲಿ 1,000 ಲೀಟರ್ ಡೀಸೆಲ್ ಇದೆ ಎನ್ನಿ. 8 ನಾಟ್ ವೇಗಕ್ಕೆ, ಅಂದರೆ ಗಂಟೆಗೆ 8 ನಾಟಿಕಲ್ ಮೈಲಿಗೆ, 20 ಲೀಟರ್ ಖರ್ಚು. 50 ಗಂಟೆಯಲ್ಲಿ 400 ಮೈಲಿ. ಈಗ 10 ನಾಟ್‌ಗೆ ಏರಿಸಿ. 1.25ರ ಘನ ಹೆಚ್ಚುಕಡಿಮೆ 2. ಗಂಟೆಗೆ 39 ಲೀಟರ್; ದೂರ ಬರೇ 256 ಮೈಲಿ. ದಡ 300 ಮೈಲಿ ಆಚೆಗಿದ್ದರೆ ಅವಸರದ ಕಪ್ತಾನ ನಡುನೀರಿನಲ್ಲೇ!

ಅನುಭವಿಗಳು ಹೋಗಲು ಮೂರರಲ್ಲೊಂದು ಪಾಲು, ಬರಲು ಇನ್ನೊಂದು ಪಾಲು ಇಂಧನ ಬಳಸಿ, ಉಳಿದದ್ದನ್ನು ಮುಟ್ಟುವುದಿಲ್ಲ. ಹಾಗಾದರೆ 8 ನಾಟ್‌ನಲ್ಲಿ ಹೊರಟ ನಮ್ಮ ನೌಕೆ ಎಷ್ಟನೇ ಮೈಲಿಯಲ್ಲಿ ಹಿಂತಿರುಗಬೇಕು? ಅಪ್ಪನ ಜೊತೆ ಕೂತು ಲೆಕ್ಕ ಹಾಕಿ.