ಬರಿಗಾಲಿನ ಆಟಗಾರ ಅಹಮದ್ ಖಾನ್

ಮಳೆಗಾಲ ಮೊದಲಾಯಿತೆಂದರೆ ನಮ್ಮ ಮಂಗಳೂರಿನ ನೆಹರೂ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರಿಗೂ, ಅವರ ಕೆಸರು ಬಟ್ಟೆಗಳನ್ನು ಒಗೆಯಬೇಕಾದ ತಾಯಂದಿರಿಗೂ ವಾಗ್ವಾದ ತಪ್ಪಿದ್ದಲ್ಲ. ಚೆಂಡನ್ನೊದೆದರೆ ಹೊಟ್ಟೆ ತುಂಬುವುದೇ ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆಯೇನೋ ಅನ್ಯಾಯದ್ದಲ್ಲ. ಆದರೆ ಉತ್ತರ ನಿಶ್ಚಯಿಸುವ ಮುನ್ನ ಬೆಂಗಳೂರಿನ ಅಹಮದ್ ಖಾನರ ವೃತ್ತಾಂತವನ್ನು ವಾಚಕರು ಒಮ್ಮೆ ಕೇಳಬೇಕೆಂದು ನಮ್ಮ ಬಿನ್ನಹ.

ಇವರು ಹುಟ್ಟಿದ್ದು 1926ನೆಯ ಇಸವಿಯ ದಶಂಬರ 24ರಂದು. ತಂದೆಯೂ ಕಾಲ್ಚೆಂಡಿನ ಆಟಗಾರರೇ ಆದುದರಿಂದ ಮನೆಯಲ್ಲಿ ಆಟಕ್ಕೆ ಅಡ್ಡಿಯಿರಲಿಲ್ಲ. ಅವರು ಬೆಳೆದ ಕಾಲದ ಮೈಸೂರು ಸೀಮೆಯಲ್ಲಿ ಈ ಆಟ ಚೆನ್ನಾಗಿ ಬೇರೂರಿದ್ದಿತು. 1946-47ರಲ್ಲಿ ಮೈಸೂರು ತಂಡವು ಬಂಗಾಳದಂತಹ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. (ಮಂಗಳೂರು ಅಂದು ಮದರಾಸಿಗೆ ಸೇರಿದ್ದುದರಿಂದ ಆ ಗೆಲುವನ್ನು ನಮ್ಮದೆನ್ನುವ ಹಕ್ಕು ನಮಗಿರಲಿಲ್ಲ!)

ಮುಂಚೂಣಿಯ ಐವರಲ್ಲಿ ಎಡಬದಿಯ ಒಳಗಿನ ಸ್ಥಾನ ಖಾನರದು. ಅಂಚುಗೆರೆಯ ಬಳಿ ಓಡುವವನಿಗೂ ನಡುವೆ ನಿಂತವನಿಗೂ ಚೆಂಡನ್ನು ಒದಗಿಸುವ ಹೊಣೆ ಆ ಸ್ಥಾನದ್ದು. ಅವರ ಕಾಲಿನ ಬಳಿ ಚೆಂಡು ಆಡಿಸಿದಂತೆ ಆಡುತ್ತಿದ್ದುದರಿಂದ ಹಾವಾಡಿಗನೆಂಬ ಬಿರುದು ಅವರಿಗೆ ಅಂಟಿಕೊಂಡಿತು. ಅದೂ ಬರಿಗಾಲಿನಲ್ಲಿ! 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರೇ. ಜುಲೈ 31ರಂದು ಫ್ರಾನ್ಸಿನೊಡನೆ ಆಟ. ಎರಡು ಪೆನಾಲ್ಟಿಗಳು ವ್ಯರ್ಥವಾದುವು. ಬೆಂಗಳೂರಿನವರೇ ಆದ ರಾಮನ್ ಒಂದು ಗೋಲು ಹೊಡೆದರು. ಇನ್ನೇನು ಆಟ ಮುಗಿಯಬೇಕೆನ್ನುವಾಗ ಫ್ರೆಂಚರು ಮತ್ತೊಂದು ಹೊಡೆದು 2-1ರಿಂದ ಗೆದ್ದರು.

ಮರುವರ್ಷ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ — ಐವರೂ ದಕ್ಷಿಣದವರು. ಬಂಗಾಳಿಗಳು ಇವರನ್ನು ಪಂಚಪಾಂಡವರೆಂದು ಕರೆದು ಮೆರೆಸಿದರು. 1949, 1950, 1951 ಹೀಗೆ ಮೂರು ವರ್ಷ ಬಿಡದೆ ಐ.ಎಫ್.ಎ. ಷೀಲ್ಡ್ ಆ ಸಂಘಕ್ಕೇ ದಕ್ಕಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಖಾನರಿದ್ದರು.

ಇಷ್ಟಾದ ಬಳಿಕ ಹೆಲ್ಸಿಂಕಿ. 1952ರ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯವು ನಮ್ಮವರನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಖಾನರದು, ಅದೂ ಆಟದ ಕೊನೆಯ ಗಳಿಗೆಯಲ್ಲಿ. ಸೋಲಿನ ಹೊರೆಯನ್ನೆಲ್ಲ ಬರಿಗಾಲಿನ ಮೇಲೆಯೇ ಹೊರಿಸುವುದು ವಾಡಿಕೆಯಾಗಿದೆ. ನಮಗದು ಪೂರ್ತಿ ಒಪ್ಪಿಗೆಯಿಲ್ಲ. ಆ ಯುಗೋಸ್ಲಾವಿಯವೇ ಮುಂದೆ ಬೆಳ್ಳಿಯ ಪದಕವನ್ನು ಗಳಿಸಿತೆಂಬುದನ್ನು ಮರೆಯಲಾಗದು. ಒಣನೆಲದಲ್ಲಿ ಬರಿಗಾಲಿನ ಬೆರಳು ಚೆಂಡಿನ ಮನಸ್ಸನ್ನು ಬೂಟಿಗಿಂತ ಚೆನ್ನಾಗಿ ಅರಿಯುತ್ತದೆ. ಒದ್ದೆ ಹುಲ್ಲಿನ ಮೇಲೆ ಮಾತ್ರ ಅದು ಜಾರುತ್ತದೆ. ಮೊಳೆಯುಳ್ಳ ಬೂಟು ನೆಲವನ್ನು ಕಚ್ಚಿ ಹಿಡಿಯುತ್ತದೆ. ಅಂತೂ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬಾಲ್ಯದಿಂದ ಬರಿಗಾಲಿನಲ್ಲಿ ಪಳಗಿದವನು ಇಪ್ಪತ್ತೈದು ದಾಟಿದ ಮೇಲೆ ಬೂಟಿಗೆ ಒಗ್ಗಬೇಕೆಂದರೆ, ವೈಣಿಕನಿಗೆ ಕೈಗವುಸು ತೊಡಿಸಿ ನುಡಿಸೆಂದಂತೆಯೇ ಸರಿ. ಖಾನರು ಆಟ ಬಿಡಲಿಲ್ಲ. 1954ರಲ್ಲಿ ಮನಿಲಾದ ಏಷ್ಯನ್ ಕ್ರೀಡೆಗಳಿಗೂ ಹೋಗಿಬಂದರು, 1959ರ ತನಕ ಈಸ್ಟ್ ಬೆಂಗಾಲಿನಲ್ಲಿಯೇ ಆಡಿದರು.

ಇನ್ನು ಹಿರಿಯರ ಪ್ರಶ್ನೆ. ಇಂದಿನ ಆಟಗಾರರಿಗೆ ದೊರೆಯುವ ಸಂಬಳ ಅಂದಿನವರ ಕನಸಿನಲ್ಲಿಯೂ ಇರಲಿಲ್ಲ. ಕಾಲ್ಚೆಂಡು ಖಾನರಿಗೆ ಹೆಸರನ್ನು ಕೊಟ್ಟಿತು, ಲಂಡನ್ನನ್ನೂ ಹೆಲ್ಸಿಂಕಿಯನ್ನೂ ತೋರಿಸಿತು, ಪರನಾಡಿನ ಜನ ಹೆಗಲಮೇಲೆ ಹೊತ್ತುಕೊಳ್ಳುವಂತೆ ಮಾಡಿತು. ಐಶ್ವರ್ಯವನ್ನು ಕೊಡುವ ಶಕ್ತಿ ಅಂದು ಅದಕ್ಕಿರಲಿಲ್ಲ. ಮಗನ ಚೆಂಡನ್ನು ಅಟ್ಟದ ಮೇಲೆ ಬಚ್ಚಿಡುವ ತಂದೆಯೂ, ಪಾಠವನ್ನು ಬಿಟ್ಟು ಆಡೆನ್ನುವ ತಂದೆಯೂ ಇವೆರಡನ್ನೂ ಒಟ್ಟಿಗೆ ತೂಗಿ ನೋಡಲಿ. ಖಾನರು ತಮ್ಮ ಬೆಂಗಳೂರಿನಲ್ಲಿಯೇ 2017ರ ಆಗಸ್ಟ್ 27ರಂದು, ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡರು.