ಸರಸ್ ಬಿದ್ದುದೇಕೆ?

2009ರ ಮಾರ್ಚ್ 6. ಬೆಂಗಳೂರಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟ ‘ಸರಸ್’ ವಿಮಾನ ಬಿಡದಿ ಬಳಿ ಬಿದ್ದು ಉರಿಯಿತು. ವಾಯುಪಡೆಯ ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಷಾ ಹಾಗೂ ಸ್ಕ್ವಾಡ್ರನ್ ಲೀಡರ್ ಇಳಯರಾಜ ಮಡಿದರು.

ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಈ 14 ಆಸನಗಳ ವಿಮಾನಕ್ಕೆ ಎರಡು ಎಂಜಿನ್. ಒಂದನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಅಂದಿನ ಪರೀಕ್ಷೆ. ನಿಂತ ಎಂಜಿನ್ನಿನ ಪ್ರೊಪೆಲರ್ ಅಲಗುಗಳು ಗಾಳಿಗೆ ಅಡ್ಡವಾದರೆ ವಿಮಾನ ಒಂದೆಡೆಗೆ ಎಳೆಯುತ್ತದೆ, ಕೆಳಗಿಳಿಯುತ್ತದೆ. ಸಾಕಷ್ಟು ಎತ್ತರವಿದ್ದರೆ ಮಾತ್ರ ಚೇತರಿಸಿಕೊಳ್ಳಲು ಸಮಯ ಸಿಕ್ಕೀತು.

ವಿನ್ಯಾಸಕಾರರು ರೂಪಿಸಿ, ಚಾಲಕರು ಅನುಸರಿಸಿದ ಮರುಚಾಲನೆಯ ಕ್ರಮವೇ ತಪ್ಪು. ಎತ್ತರವೂ ಸಾಲದಾಗಿತ್ತು ಎಂದಿತು ತನಿಖಾ ವರದಿ. ಪ್ರಯಾಣಿಕರು ಹತ್ತುವ ಮೊದಲೇ ಇಂಥ ತಪ್ಪುಗಳನ್ನು ಹುಡುಕುವುದು ಪರೀಕ್ಷಾ ಚಾಲಕರ ಕೆಲಸ. ಸುಧಾರಿತ ಸರಸ್ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಮತ್ತೆ ಹಾರಿತು.